ಖಾಲಿ ಕುರ್ಚಿ ತಳ್ಳಿದವನು

ಗುಂಡಕಲ್ಲು ಫರಸಿಯ ಮೇಲೆ ಉರುಳಿದ ಸದ್ದಾಯಿತು. ನಲ್ಲಿಯ ಕೆಳಗೆ ಕೊಡವಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದ ಶಿವರುದ್ರಪ್ಪ ತಿರುಗಿ ನೋಡಲಿಲ್ಲ. ನೋಡದೆಯೂ ಗೊತ್ತಿತ್ತು. ಅಂಗಳದಾಚೆಯ ತಮ್ಮ ಕೋಣೆಯ ಬಾಗಿಲಲ್ಲಿ ಹೆಂಡತಿ ಕಾಶವ್ವ ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ, ಕೋಲಿನ ತುದಿಯಿಂದ, ಖಾರ ಅರೆಯುವ ಗುಂಡಕಲ್ಲನ್ನು ಚಕ್ರದ ಮುಂದಕ್ಕೆ ಸರಿಸಿಕೊಳ್ಳುತ್ತಿದ್ದಾಳೆ. ಹಲವು ಬಾಡಿಗೆ ಸಂಸಾರಗಳಿದ್ದ ಪುಣೆಯ ಆ ಹಳೆಯ ವಾಡೆಯ ಅಂಗಳ ಅವರ ಬಾಗಿಲಿನಿಂದ ಈ ನಲ್ಲಿಯ ಮೋರಿಯ ತನಕ ಇಳಿಜಾರು. ಕುರ್ಚಿಯ ಬ್ರೇಕು ಹಿಡಿಯುತ್ತಿಲ್ಲ. ಅದಕ್ಕೇ ಕಲ್ಲು. ಹೋದ ವಾರವೇ ಅವಳು ಹೇಳಿದ್ದಳು: ‘ಬ್ರೇಕ್ ಹಿಡೀವಲ್ದುರೀ. ಗಾಲ್ಯಾಗ ಗಾಳಿನ ಇಲ್ಲ. ಪಟ್ಟಿ ಹೋಗಿ ಟೈರಿಗೆ ಗಟ್ಟಿ ಒತ್ತಿದ್ರಲ್ಲೇನು ಅದು ನಿಲ್ಲೂದು?’ ‘ನಾಳಿಗಿ ಹಾಕಸ್ಕೊಂಡ ಬರತೀನಿ’ ಎಂದಿದ್ದ. ಆ ನಾಳೆ ಅಂತೂ ಇಂತೂ ನಿನ್ನೆ ಬಂತು. ನಿನ್ನೆ ಸಂಜೆ ಕುರ್ಚಿಯನ್ನು ತಳ್ಳಿಕೊಂಡು ಹೋದ, ತಳ್ಳಿಕೊಂಡು ಬಂದ, ‘ಹಾಕಿಸಿದೆ’ ಎಂದ. ‘ಹೌದೇನ್ರಿ?’ ಎಂದಳು. ಅವಳನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂಡಿಸಿ, ಅಂಗಿ ಬಿಚ್ಚಲು ಗೋಡೆಯ ಕಡೆ ತಿರುಗಿದಾಗ ಗೂಟಕ್ಕೆ ನೇತುಹಾಕಿದ್ದ ಕನ್ನಡಿಯಲ್ಲಿ ಕಂಡಿತು: ಅವಳು ಕೈ ಇಳಿಬಿಟ್ಟು ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡಿದಳು. ಬೆರಳು ಮೆತ್ತಗೆ ಒಳಗೆ ಹೋಯಿತು. ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಯ್ಯುವ ಹೆಂಡತಿಯ ಎದುರು ಗಂಡಸಿಗೆ ತಿರುಗಿ ಬಯ್ಯಲು ಒಂದು ಬಾಯಿಯಾದರೂ ಇರುತ್ತದೆ. ಸುಮ್ಮನೆ ಕಲ್ಲು ಸರಿಸಿಕೊಳ್ಳುವವಳ ಎದುರು ಏನಿರುತ್ತದೆ?

ಕೊಡ ತುಂಬಿ ಚೆಲ್ಲುತ್ತಿತ್ತು. ಅವನು ಅದನ್ನು ಎತ್ತದೆ ಮೋರಿಗೆ ಹರಿಯುವ ನೀರನ್ನೇ ನೋಡುತ್ತ ಕೂತ. ಈ ಹೊತ್ತಿಗೆ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ, ಲೆಕ್ಕ ಬರೆಯುವ ದಿವಾಣಜಿಯ ಗಾದಿಯ ಮೇಲೆ ಇರಬೇಕಾದವನು ಅವನು. ‘ಇವತ್ತ ಯಾರ್ಡ್ ಬಂದ್ ಅದ’ ಎಂದು ಅವಳಿಗೆ ಇನ್ನೊಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದಿದ್ದ. ಒಂದು ಸುಳ್ಳಿನ ಬಾಲಕ್ಕೆ ಇನ್ನೊಂದು. ಇದೇ ಅಂಗಳದಲ್ಲಿ, ಇದೇ ನಲ್ಲಿಯ ಪಕ್ಕದಲ್ಲಿ, ಕುರ್ಚಿ ಹೊಸದಾಗಿ ಬಂದಾಗ ಅವನು ಪ್ರತಿ ರವಿವಾರ ಅದನ್ನು ತಲೆಕೆಳಗೆ ಮಾಡಿ ನಿಲ್ಲಿಸುತ್ತಿದ್ದ. ಮದುವೆಯಾದ ಮೂರನೆಯ ವರ್ಷ ಜ್ವರವೊಂದು ಬಂದು ಕಾಶವ್ವನ ಬೆನ್ನಿನಲ್ಲಿ ಕೂತು, ಹೋಗುವಾಗ ಅವಳ ಕಾಲುಗಳನ್ನೂ ಕೊಂಡೊಯ್ದಿತ್ತು. ಆಗ ಅವನಿಗೆ ಎಲ್ಲಿಂದ ಬಂದಿತ್ತೋ ಆ ಉತ್ಸಾಹ. ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅಚ್ಚು ಒರೆಸುವುದು. ಮುಂದಿನ ಪುಟ್ಟ ಗಾಲಿಗಳ ಸಂದಿನಲ್ಲಿ ಸುತ್ತಿಕೊಂಡ ಅವಳ ಕೂದಲು, ಹೊಲಿಗೆಯ ದಾರ ಎಲ್ಲವನ್ನೂ ದಬ್ಬಣದಿಂದ ಎಳೆದೆಳೆದು ತೆಗೆಯುವುದು. ಸ್ಪೋಕುಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸಡಿಲ ಸದ್ದು ಕೊಟ್ಟದ್ದನ್ನು ಬಿಗಿಮಾಡುವುದು. ಮೇಲಿನ ಮಹಡಿಯವರ ಪಂಪು ಇಸಿದುಕೊಂಡು ಟೈರು ಕಲ್ಲಿನಂತಾಗುವ ತನಕ ಗಾಳಿ ಹೊಡೆಯುವುದು. ವಾಡೆಯ ಮಾಲಕಿ ಇಂದೂತಾಯಿ ಮಹಡಿಗೆ ಹತ್ತುವ ಜಿನೆಯ ಮೇಲೆ ನಿಂತು, ಕೆಳಗಿನವರಿಗೂ ಕೇಳುವಂತೆ, ‘ದೇವಮಾಣೂಸ ಆಹೇ ಹೋ’ ಎನ್ನುತ್ತಿದ್ದಳು. ದೇವರಂಥ ಮನುಷ್ಯ. ಅದು ಕಿವಿಗೆ ಬಿದ್ದಾಗ ಅವನು ಒರೆಸಿದ ಅಚ್ಚನ್ನೇ ಇನ್ನೊಮ್ಮೆ ಒರೆಸುತ್ತಿದ್ದ. ಆಮೇಲೆ ವಾಡೆಗೆ ಕುರ್ಚಿ ರೂಢಿಯಾಯಿತು. ಹೊಗಳುವುದನ್ನು ಇಂದೂತಾಯಿ ಮರೆತಳು. ರವಿವಾರಗಳೂ ಮರೆತುಹೋದವು. ಪಂಪಿನವರು ಖೋಲಿ ಬಿಟ್ಟು ಊರಂಚಿನ ಧನಕವಡಿಗೆ ಹೋದದ್ದು ಅವನಿಗೆ ಒಳ್ಳೆಯ ನೆಪವಾಯಿತು. ಹಾಗಾದರೆ ತಾನು ಅಷ್ಟು ದಿನ ಒರೆಸಿದ್ದು ಯಾರ ಗಾಲಿ? ನೀರು ಹರಿದು ಹೋಗುತ್ತಲೇ ಇತ್ತು. ತನ್ನ ಮುಖಕ್ಕೆ ತಾನೇ ಉಗುಳಿಕೊಳ್ಳಬೇಕೆನ್ನಿಸಿತು. ಆದರೆ ಅದಕ್ಕೂ ಯಾರಾದರೂ ನೋಡುತ್ತಿದ್ದರೆ ಚೆನ್ನಾಗಿತ್ತು ಎಂದು ಅದೇ ಮನಸ್ಸು ಆಸೆಪಟ್ಟಿತು.

‘ನೀರ ತುಂಬಿ ಹರಿಯಾಕತ್ತದರಿ’ ಎಂದು ಬಾಗಿಲಿಂದ ಕಾಶವ್ವ ಕೂಗಿದಳು.

ಕೊಡ ಹೊತ್ತು ಬಂದು ಒಳಗಿಟ್ಟ. ಅವಳು ತೊಡೆಯ ಮೇಲೆ ಯಾರದೋ ಸೀರೆ ಹಾಕಿಕೊಂಡು ಫಾಲ್ ಹಚ್ಚುತ್ತಿದ್ದಳು. ಅವಳ ಪಕ್ಕದಿಂದ ದಾಟುವಾಗ ಅವನ ಕಾಲು ಗುಂಡಕಲ್ಲಿಗೆ ತಾಗಿತು. ಇಬ್ಬರೂ ಕಲ್ಲನ್ನು ನೋಡಿದರು; ಇಬ್ಬರೂ ಬೇರೆ ಕಡೆ ನೋಡಿದರು. ಹೇಳಿಬಿಡಬೇಕು. ಗಾಳಿ ಹಾಕಿಸಲಿಲ್ಲ ಎನ್ನುವುದನ್ನು ಹೇಳುವುದು ಸುಲಭ, ಅದು ಅವಳಿಗೆ ಗೊತ್ತೇ ಇದೆ. ಯಾಕೆ ಹಾಕಿಸಲಿಲ್ಲ ಎನ್ನುವುದನ್ನು ಹೇಗೆ ಹೇಳುವುದು? ವಾಡೆಯ ದಿಂಡಿಬಾಗಿಲು ದಾಟಿದರೆ ಸದಾಶಿವ ಪೇಠದ ಓಣಿ. ಓಣಿಯ ಜನ ಮೊದಲು ಕುರ್ಚಿ ನೋಡುತ್ತಾರೆ, ಆಮೇಲೆ ಅವಳನ್ನು, ಕೊನೆಗೆ ತಳ್ಳುವವನನ್ನು. ಆ ಮೂರನೆಯ ನೋಟದಲ್ಲಿ ಒಂದು ‘ಪಾಪ’ ಇರುತ್ತದೆ. ಅದನ್ನು ಅವನು ಹೊಟ್ಟೆಗೆ ಹಾಕಿಕೊಳ್ಳಲಾರ. ದೇವರಂಥವನು ಎನ್ನಿಸಿಕೊಳ್ಳುವುದು ಬೇಕು, ಪಾಪ ಎನ್ನಿಸಿಕೊಳ್ಳುವುದು ಬೇಡ. ಆದ್ದರಿಂದಲೇ ನಿನ್ನೆ ಅವಳನ್ನು ಮಂಚದ ಮೇಲೆ ಬಿಟ್ಟು ಬರಿ ಕುರ್ಚಿ ಒಯ್ದ. ಬರಿ ಕುರ್ಚಿಯೂ ನೋಡುವವರಿಗೆ ಕುರ್ಚಿಯೇ ಅಲ್ಲವೇ? ಹಾಗೆನ್ನಿಸಿ ಅದರ ಮೇಲೊಂದು ಗೋಣಿಚೀಲ ಮಡಿಚಿಟ್ಟು, ಹಳೆಯ ಕೈಚೀಲವೊಂದನ್ನು ಹೇರಿದ. ಸಾಮಾನು ಸಾಗಿಸುವ ಗಾಡಿಯಂತೆ ಕಾಣಲಿ ಎಂದು. ಮನುಷ್ಯನ ಬುದ್ಧಿ ಎಂತೆಂಥ ಕಡೆ ಖರ್ಚಾಗುತ್ತದೆ.

ಸೈಕಲ್ ಅಂಗಡಿಗೆ ಇನ್ನೊಂದೇ ತಿರುವು ಇತ್ತು. ಅವನನ್ನು ಕಂಡು ನಿಂತ ರಿಕ್ಷಾದಿಂದ ಗೂಳಪ್ಪ ಇಳಿದ. ಯಾರ್ಡಿನಲ್ಲಿ ಅವರ ಅಡತಿಯ ಪಕ್ಕದ ಮಳಿಗೆಯವನು, ಊರ ಕಡೆಯವನು, ಹಿರಿಯ. ಶಿವರುದ್ರಪ್ಪನ ಹೆಂಡತಿ ಗಾಲಿಕುರ್ಚಿಯಲ್ಲಿ ಇರುತ್ತಾಳೆಂದು ಬಲ್ಲವನು, ಆದರೆ ಅವಳನ್ನು ಎಂದೂ ಕಂಡವನಲ್ಲ, ಕಾಣುವಂತೆ ಶಿವರುದ್ರಪ್ಪ ಎಂದೂ ಮನೆಗೆ ಕರೆದವನಲ್ಲ. ಗೂಳಪ್ಪ ಖಾಲಿ ಕುರ್ಚಿಯನ್ನು ನೋಡಿದ. ಅದರ ಮೇಲಿನ ಗೋಣಿಚೀಲ, ಬಟ್ಟೆಬರೆಯ ಗಂಟಿನಂತಿದ್ದ ಕೈಚೀಲ ನೋಡಿದ. ಅವರ ಸೀಮೆಯಲ್ಲಿ ಸತ್ತವರ ಹಾಸಿಗೆ, ಕೋಲು, ಮಂಚ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದಿನಕರ್ಮ ಮಾಡುವುದರೊಳಗೆ ಅವು ಹೊರಗೆ ಹೋಗಬೇಕು. ಗೂಳಪ್ಪನ ಕೈ ತಾನಾಗಿ ತಲೆಯ ಟೊಪ್ಪಿಗೆಗೆ ಹೋಯಿತು. ‘ಯಪ್ಪಾ ಶಿವರುದ್ರಪ್ಪಾ’ ಎಂದ, ‘ಯಾವಾಗಾತೋ ತಮ್ಮಾ ಇದು?’

ಏನು ಯಾವಾಗಾಯಿತು ಎಂಬುದು ಮೊದಲ ಕ್ಷಣ ಅವನಿಗೆ ನಿಜವಾಗಿ ತಿಳಿಯಲಿಲ್ಲ. ಆ ಒಂದು ಕ್ಷಣಕ್ಕೆ ಅವನು ತಪ್ಪಿತಸ್ಥನಲ್ಲ. ಅಷ್ಟನ್ನು ಅವನ ಲೆಕ್ಕಕ್ಕೆ ಜಮಾ ಮಾಡಬಹುದು. ಎರಡನೆಯ ಕ್ಷಣದಲ್ಲಿ ತಿಳಿಯಿತು. ‘ಇಲ್ರಿ, ಗಾಳಿ ಹಾಕಸಾಕ ಹೊಂಟೀನಿ’ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಗೂಳಪ್ಪನ ಕೈ ಹೆಗಲ ಮೇಲೆ ಬಂತು. ದಪ್ಪನೆಯ, ಬೆಚ್ಚಗಿನ, ಬೆಲ್ಲದ ವಾಸನೆಯ ಕೈ. ಎಷ್ಟೋ ವರ್ಷಗಳಿಂದ ಯಾರೂ ಹಾಗೆ ಅವನನ್ನು ಮುಟ್ಟಿರಲಿಲ್ಲ. ‘ನಮಗೊಂದ ಮಾತ ತಿಳಸಬಾರದೇನೊ? ಮಣ್ಣು ಊರಾಗ ಮಾಡಿದ್ರೇನು?’ ಶಿವರುದ್ರಪ್ಪನ ತಲೆ ಅಲ್ಲಾಡಿತು. ಬಾಯಿ ಏನೂ ಹೇಳಲಿಲ್ಲ, ತಲೆ ಅಲ್ಲಾಡಿತು, ಮೇಲಿಂದ ಕೆಳಗೆ. ‘ಭಾಳ ಮಾಡಿದಿ ಬಿಡೋ ಆಕಿಗೆ. ಬ್ಯಾರೇದವ ಆಗಿದ್ರ ತವರಿಗೆ ದಬ್ಬಿ ಇನ್ನೊಂದ ಲಗ್ನಾ ಆಗತಿದ್ದ. ಏನಾತೀಗ, ಆಕಿನೂ ಪಾರಾದ್ಲು, ನೀನೂ ಪಾರಾದಿ. ನಾಳಿಗಿ ಅಡತಿಗೆ ಬರಬ್ಯಾಡ, ಸಾವಕಾರಗ ನಾ ಹೇಳತೀನಿ.’ ರಿಕ್ಷಾದವನು ಅವಸರ ಮಾಡಿದ. ಗೂಳಪ್ಪ ಕಣ್ಣೊರೆಸಿಕೊಂಡು ಮತ್ತೆ ಹತ್ತಿದ. ಓಡಿ ಹೋಗಿ ರಿಕ್ಷಾ ನಿಲ್ಲಿಸಬಹುದಿತ್ತು. ಹಾಲಿನವನ ಸೈಕಲ್ಲು ಅಡ್ಡವಾಗಿ ಅದು ಓಣಿಯ ತುದಿಯಲ್ಲಿ ಸಾಕಷ್ಟು ಹೊತ್ತು ನಿಂತೇ ಇತ್ತು.

ಆದರೆ ಇಷ್ಟೇ ಆಗಿದ್ದರೆ ಅದನ್ನು ಹೇಡಿತನ ಎನ್ನಬಹುದಿತ್ತು. ಹೇಡಿತನಕ್ಕೆ ಲೋಕದಲ್ಲಿ ಕ್ಷಮೆಯುಂಟು. ಆಮೇಲೆ ಆದದ್ದಕ್ಕೆ ಏನು ಹೆಸರು ಎಂದು ಅವನಿಗೆ ಗೊತ್ತಿಲ್ಲ. ಗೂಳಪ್ಪ ಹೋದ ಮೇಲೆ ಶಿವರುದ್ರಪ್ಪ ಕುರ್ಚಿ ತಳ್ಳಿಕೊಂಡು ನಾಲ್ಕು ಹೆಜ್ಜೆ ನಡೆದ. ನಡಿಗೆ ಹಗುರವಾಗಿತ್ತು. ಹೆಗಲ ಮೇಲಿನ ಬಿಸಿ ಇನ್ನೂ ಆರಿರಲಿಲ್ಲ. ಪಾರಾದಿ. ಒಂದೇ ತಟ್ಟೆ, ಒಂದೇ ಹಾಸಿಗೆ. ಬೆಳಿಗ್ಗೆ ಎದ್ದ ಕೂಡಲೇ ಅಂಗಿ ಹಾಕಿಕೊಂಡು ಹೊರಟುಬಿಡಬಹುದು. ಯಾರನ್ನೂ ಎತ್ತಬೇಕಾಗಿಲ್ಲ, ಇಳಿಸಬೇಕಾಗಿಲ್ಲ. ಆ ಓಣಿಯ ತುದಿಯವರೆಗೆ ಅವನು ವಿಧುರನಾಗಿ ನಡೆದ, ಮತ್ತು ಆ ನಡಿಗೆ ಅವನಿಗೆ ಹಿತವಾಗಿತ್ತು. ಸೈಕಲ್ ಅಂಗಡಿಯ ಮುಂದೆ ನೇತುಹಾಕಿದ್ದ ಟೈರುಗಳು ಕಂಡಾಗ ಎಚ್ಚರವಾಯಿತು. ಅಂಗಡಿಯ ಬಾಳಕೃಷ್ಣ ತಲೆ ಎತ್ತಿ ನೋಡುವ ಮೊದಲೇ ಕುರ್ಚಿಯನ್ನು ತಿರುಗಿಸಿಬಿಟ್ಟ. ಸತ್ತವಳ ಕುರ್ಚಿಗೆ ಗಾಳಿ ಹಾಕಿಸುವವರು ಯಾರು?

‘ಚಹಾ ಆರತದರಿ’ ಎಂದಳು ಕಾಶವ್ವ, ಫಾಲ್ ಹಚ್ಚುತ್ತಲೇ. ಅವನು ಬಸಿಯಲ್ಲಿ ಸುರಿದುಕೊಂಡು ಕುಡಿದ. ಅವಳು ಹಲ್ಲಿನಿಂದ ದಾರ ಕಡಿದಳು. ದಾರದ ತುಣುಕು ಕೆಳಗೆ ಬಿದ್ದು ಮುಂದಿನ ಗಾಲಿಯ ಬಳಿ ನಿಂತಿತು. ‘ಇವತ್ತ ಹೆಂಗೂ ಮನ್ಯಾಗ ಇದೀನಿ, ಗಾಲಿ ಒರಸಲೇನು?’ ಎಂದು ಕೇಳಿದ. ದನಿ ತನ್ನದೆನ್ನಿಸಲಿಲ್ಲ. ಅವಳು ಸೂಜಿಗೆ ದಾರ ಪೋಣಿಸುತ್ತ, ‘ಇವತ್ತ ಯಾಕ ನೆಪ್ಪಾತ್ರಿ?’ ಎಂದಳು. ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದಂತಿತ್ತು. ಈಗ ಹೇಳಬೇಕು. ಗೂಳಪ್ಪನಿಗೆ ನಾಳೆ ಏನಾದರೊಂದು ಹೇಳಿ ಸರಿಮಾಡಬಹುದು, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ; ಆದರೆ ಇವಳಿಗೆ ಈಗಲೇ ಹೇಳಬೇಕು. ‘ಕಾಶವ್ವಾ’ ಎಂದ. ಅವಳು ಕತ್ತೆತ್ತಿದಳು. ಆಗಲೇ ದಿಂಡಿಬಾಗಿಲ ಕಡೆಯಿಂದ ಅಳು ಕೇಳಿಸಿತು.

‘ಯವ್ವಾ ನನ ಹಡದವ್ವಾ... ಮುತ್ತೈದಿ ಹೋದ್ಯಲ್ಲವ್ವಾ... ಹೂವಿನಂತಾ ಗಂಡನ್ನ ಒಬ್ಬನ್ನ ಬಿಟ್ಟು ಹೋದ್ಯಲ್ಲ ನನ ತಾಯೀ...’ ಊರ ಕಡೆಯ ಹೆಣ್ಣುಮಕ್ಕಳು ಸಾವಿನ ಮನೆಯ ಮೆಟ್ಟಿಲು ಹತ್ತುವಾಗ ಎತ್ತುವ ಅಳು. ಪುಣೆಯ ವಾಡೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮೇಲೆ ಕಿಟಕಿಗಳು ತೆರೆದವು, ಇಂದೂತಾಯಿ ಜಿನೆಗೆ ಬಂದಳು. ಗೂಳಪ್ಪನ ಹೆಂಡತಿ ಶಿವಬಸವ್ವ ಸೆರಗು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು ಹಿಡಿದು ಒಳಗೆ ಬರುತ್ತಿದ್ದಳು. ಹಿಂದೆ ತಲೆ ತಗ್ಗಿಸಿಕೊಂಡು ಗೂಳಪ್ಪ. ಗಂಟು ಏನೆಂದು ಶಿವರುದ್ರಪ್ಪನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬುತ್ತಿ. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬೇಕಾದವರು ರೊಟ್ಟಿ ಕಟ್ಟಿಕೊಂಡು ಬರಬೇಕು. ಅವನು ಬಾಗಿಲಿಂದ ಓಡಿದ. ಅಂಗಳದ ನಡುವೆ ಅವರನ್ನು ತಡೆಯಬೇಕು, ಹೇಗಾದರೂ ಮಾಡಿ ಹಾಗೆಯೇ ತಿರುಗಿಸಿ ಹೊರಗೆ ಕರೆದುಕೊಂಡು ಹೋಗಬೇಕು, ಇಷ್ಟೇ ತಲೆಯಲ್ಲಿದ್ದದ್ದು. ಶಿವಬಸವ್ವ ಅವನನ್ನು ನೋಡಿದವಳೇ ಅಳು ಇನ್ನಷ್ಟು ಏರಿಸಿ, ಬುತ್ತಿಯನ್ನು ಅವನ ಎರಡೂ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು.

ಹಿಂದಿನಿಂದ ಕಾಶವ್ವನ ದನಿ: ‘ಯಾರ್ರೀ ಅಳಾಕತ್ತಿದ್ದು? ಯಾರ ಹೋದ್ರು?’ ಕೋಲಿನಿಂದ ಕಲ್ಲು ಬದಿಗೆ ಸರಿದ ಸದ್ದು. ಕುರ್ಚಿ ಇಳಿಯಲೆಂದು ಹೊಸ್ತಿಲಿಗೆ ಒರಗಿಸಿದ್ದ ಹಲಗೆಯ ಮೇಲಿಂದ ಅವಳು ಅಂಗಳಕ್ಕಿಳಿದಳು. ಹೊರಗಿನವರು ಬಂದಿದ್ದಾರೆ, ಕೈ ಮುಗಿಯಬೇಕು. ಬ್ರೇಕಿನ ಹಿಡಿಕೆ ಎಳೆದಳು; ಅದು ಕಟಕ್ ಎಂದಿತು; ಎರಡೂ ಕೈ ಜೋಡಿಸಿದಳು. ಕುರ್ಚಿ ನಿಲ್ಲಲಿಲ್ಲ. ಕೈ ಮುಗಿದುಕೊಂಡೇ, ಮುಖದಲ್ಲಿ ಬರಮಾಡಿಕೊಳ್ಳುವ ನಗೆ ಇಟ್ಟುಕೊಂಡೇ, ಅವಳು ಇಳಿಜಾರಿನಲ್ಲಿ ಮೋರಿಯ ಕಡೆಗೆ ಜಾರತೊಡಗಿದಳು. ಶಿವರುದ್ರಪ್ಪನ ಪಕ್ಕದಲ್ಲೇ, ಕೈಗೆಟಕುವಷ್ಟು ದೂರದಲ್ಲಿ ದಾಟಿ ಹೋದಳು. ಅವನ ಕೈಯಲ್ಲಿ ಬುತ್ತಿ. ಬುತ್ತಿಯನ್ನು ನೆಲಕ್ಕಿಡಬಾರದು. ಅದನ್ನು ಎಲ್ಲಿ ಇಡಲಿ ಎಂದು ಅವನು ಸುತ್ತ ನೋಡಿದ. ಬದುಕಿರುವ ಹೆಂಡತಿ ಬೀಳುತ್ತಿರುವಾಗ ಸತ್ತ ಹೆಂಡತಿಯ ಬುತ್ತಿಗೆ ಜಾಗ ಹುಡುಕಿದ. ಇದನ್ನು ಅವನು ಮುಂದೆ ಎಷ್ಟು ಸಲ ನೆನೆದರೂ, ಆ ಕ್ಷಣದಲ್ಲಿ ಅದು ಅವನಿಗೆ ಸರಿಯೆನ್ನಿಸಿತ್ತು ಎಂಬುದೇ ಎಲ್ಲಕ್ಕಿಂತ ಅಸಹ್ಯವಾಗಿತ್ತು.

ಹಿಡಿದವಳು ಶಿವಬಸವ್ವ. ಅಳು ಬಾಯಲ್ಲೇ ನಿಂತು, ಸೆರಗು ಜಾರಿ, ದಪ್ಪ ಮೈಯನ್ನು ಕುರ್ಚಿಗೆ ಅಡ್ಡ ಕೊಟ್ಟು ಎರಡೂ ಕೈಯಿಂದ ಅದರ ತೋಳುಗಳನ್ನು ಹಿಡಿದುಕೊಂಡಳು. ಪಾದದ ಪಟ್ಟಿ ಅವಳ ಮೊಣಕಾಲಿಗೆ ಹೊಡೆಯಿತು. ಇಬ್ಬರು ಹೆಂಗಸರ ಮುಖ ಎದುರುಬದುರು, ಒಂದು ಗೇಣಿನ ಅಂತರ.

‘ನೀ ಯಾರವ್ವಾ?’ ಎಂದಳು ಶಿವಬಸವ್ವ, ಏದುಸಿರಿನಲ್ಲಿ.

‘ನಾ ಕಾಶವ್ವರಿ. ಇವರ ಹೇಣ್ತಿ.’

ಗೂಳಪ್ಪ ಕಾಶವ್ವನನ್ನು ನೋಡಿದ, ಕುರ್ಚಿಯನ್ನು ನೋಡಿದ, ಕೊನೆಗೆ ಶಿವರುದ್ರಪ್ಪನನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಲು ಕೈಯಾದರೂ ಖಾಲಿ ಇರಬೇಕು. ಅವನ ಎರಡೂ ಕೈ ಗಂಟನ್ನು ಎದೆಗೆ ಒತ್ತಿಕೊಂಡಿದ್ದವು. ಕಾಶವ್ವನೂ ತಿರುಗಿ ಆ ಗಂಟನ್ನು ನೋಡಿದಳು. ಅವಳೂ ಅದೇ ಸೀಮೆಯವಳು. ಬಿಳಿ ಬಟ್ಟೆ, ಅಳು, ಮುತ್ತೈದಿ, ಒಬ್ಬನೇ ಗಂಡ, ಯಾರ್ಡ್ ಬಂದ್ ಎಂದು ಮನೆಯಲ್ಲಿ ಉಳಿದವನು, ನಿನ್ನೆ ಖಾಲಿ ಹೋಗಿ ಗಾಳಿಯಿಲ್ಲದೆ ಬಂದ ಕುರ್ಚಿ. ಒಂದೊಂದಾಗಿ ಅವಳ ಮುಖದ ಮೇಲೆ ಜೋಡಣೆಯಾಗುವುದನ್ನು ಶಿವರುದ್ರಪ್ಪ ನಿಂತು ನೋಡಿದ. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಬಿಡುವುದಿಲ್ಲ.

ಕಾಶವ್ವ ಸೆರಗು ಸರಿಮಾಡಿಕೊಂಡಳು. ‘ನಮ್ಮ ದೊಡ್ಡವ್ವ ಹೋಗಿದ್ದು ನಿಮಗೂ ತಿಳೀತೇನ್ರಿ?’ ಎಂದಳು. ‘ಮೊನ್ನಿ ಊರಾಗ ತೀರಿಕೊಂಡ್ಲುರಿ. ಮುತ್ತೈದಿ ಸಾವು, ಅಷ್ಟರ ಮಟ್ಟಿಗೆ ಪುಣ್ಯಾ. ನನಗ ಹಡದವ್ವ ಇದ್ದಂಗ ಇದ್ಲು. ಬರ್ರಿ, ಒಳಗ ಬರ್ರಿ. ಇಷ್ಟ ದೂರ ಬುತ್ತಿ ಕಟಗೊಂಡ ಬಂದೀರಿ.’

ಗೂಳಪ್ಪ ವ್ಯಾಪಾರಸ್ಥ. ಎದುರಿನವರು ಕೊಟ್ಟ ದಾರಿಯನ್ನು ಹಿಡಿಯುವುದು ಅವನಿಗೆ ಗೊತ್ತಿತ್ತು. ‘ಹೌದಲ್ಲ, ದೊಡ್ಡವ್ವ’ ಎಂದ ನಿಧಾನವಾಗಿ. ‘ಇಂವ ನಿನ್ನಿ ಹೇಳಿದ್ದ. ನನಗ ಕಿವಿ ಮಂದ ಆಗ್ಯಾವ ತಂಗೀ, ನಾನ ಏನೋ ತಿಳಕೊಂಡೆ.’ ಕಿವಿಯ ತಪ್ಪನ್ನು ಹಿರಿಯ ಮನುಷ್ಯ ತನ್ನ ಮೇಲೆ ಹಾಕಿಕೊಂಡ. ಶಿವರುದ್ರಪ್ಪ ಏನೂ ಹೇಳಿರಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದ್ದ. ಅಲ್ಲಿದ್ದವರೆಲ್ಲರಿಗೂ ಎಲ್ಲವೂ ಗೊತ್ತಾಗಿತ್ತು, ಮತ್ತು ಎಲ್ಲರೂ ಸೇರಿ, ಒಬ್ಬ ಬೆತ್ತಲೆ ಮನುಷ್ಯನಿಗೆ ಬಟ್ಟೆ ಹೊದಿಸುವಂತೆ, ಆ ಸುಳ್ಳನ್ನು ಅವನ ಮೇಲೆ ಹೊದಿಸಿದರು. ಶಿವಬಸವ್ವ ಕುರ್ಚಿಯನ್ನು ಹಿಂದೆ ತಿರುಗಿಸಿ ಏರಿನಲ್ಲಿ ತಳ್ಳಿಕೊಂಡು ಬಂದಳು. ಬುತ್ತಿ ಹೊತ್ತು ಅವನು ಹಿಂದೆ ಬಂದ.

ದುಃಖದ ಮನೆಯವರಿಗೆ ಬಂದವರೇ ಉಣ್ಣಿಸಬೇಕು. ಶಿವಬಸವ್ವ ತಟ್ಟೆ ಹುಡುಕಿ, ಜೋಳದ ರೊಟ್ಟಿ, ಝುಣಕ, ಮೊಸರು ನೀಡಿದಳು. ಅವಳಿಗೂ ನಾಚಿಕೆ, ಕೂಗಿ ಅತ್ತ ನಾಚಿಕೆ. ಕಾಶವ್ವ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡಳು. ಬಾಯಿಗೆ ಮುಟ್ಟಿಸಿ ಬಿಡಲಿಲ್ಲ, ನಿಜವಾಗಿ ಉಂಡಳು. ‘ಝುಣಕ ಭಾಳ ಚಲೋ ಆಗ್ಯದರಿ’ ಎಂದಳು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ‘ಊರಿನ ಜ್ವಾಳ ಏನ್ರಿ? ಇಲ್ಲಿ ಹಿಟ್ಟಿಗೆ ಈ ಜಿಗಿ ಬರಂಗಿಲ್ಲ.’ ಶಿವಬಸವ್ವ ಹೌದೌದು ಎನ್ನುತ್ತ ಎಲ್ಲಿಂದ ಜೋಳ ತರಿಸುತ್ತೇವೆ ಎಂದು ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ದನಿ ಹದಕ್ಕೆ ಬಂತು. ಶಿವರುದ್ರಪ್ಪನ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ತುತ್ತು ಮುರಿದ, ಬಾಯಿಗೆ ಹೋಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಸುಮ್ಮನೆ ಕೂತಿದ್ದ, ಅವಳು ಉಣ್ಣುತ್ತಿದ್ದಳು. ಹೊರಡುವಾಗ ಗೂಳಪ್ಪ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ನೆಲ ನೋಡುತ್ತ, ‘ನಾಳಿಗಿ ಅಡತಿಗೆ ಬಾ’ ಎಂದ. ‘ಸಾವಕಾರಗ ನಾ ಏನರ ಹೇಳತೀನಿ.’ ಈ ಸಲ ಹೆಗಲ ಮೇಲೆ ಕೈ ಇಡಲಿಲ್ಲ.

ಅವರು ಹೋದ ಮೇಲೆ ಕೋಣೆಯಲ್ಲಿ ಮೊಸರಿನ ವಾಸನೆ ಉಳಿಯಿತು. ಶಿವರುದ್ರಪ್ಪ ಮಂಚದ ತುದಿಯಲ್ಲಿ ಕೂತಿದ್ದ. ಅವಳು ತಟ್ಟೆಯಲ್ಲೇ ಕೈ ತೊಳೆದುಕೊಂಡಳು.

‘ದೊಡ್ಡವ್ವನ್ನ ಕೊಂದೆ’ ಎಂದಳು. ‘ಗಟ್ಟಿಮುಟ್ಟ ಮುದುಕಿ. ಏನ ಮಾಡೂದು, ಯಾರರ ಒಬ್ರ ಸಾಯ್ಬೇಕಿತ್ತು.’

‘ಕಾಶವ್ವಾ, ನಾ ಬಾಯಿಬಿಟ್ಟ ಹೇಳಲಿಲ್ಲ. ಅಂವನ...’

‘ಬ್ಯಾಡ್ರಿ.’ ಅವಳು ಗಾಲಿಯ ಮೇಲೆ ಕೈ ಇಟ್ಟಳು, ಮೆತ್ತಗಿನ ಟೈರಿನ ಮೇಲೆ. ‘ಒಂದ ಕೇಳತೀನಿ. ನಾ ಸತ್ತೀನಂತ ಅಂವ ಅಂದಾಗ ನಿಮಗ ಹೆಂಗ ಅನಿಸ್ತ್ರಿ?’

ಅವನು ಬಾಯಿ ತೆರೆದ. ಈಗ ಒಂದು ಸುಳ್ಳು ಸಾಕಾಗಿತ್ತು, ಇಲ್ಲಿಯ ತನಕ ಎಷ್ಟೊಂದು ಸುಳ್ಳುಗಳು ಸಲೀಸಾಗಿ ಬಂದಿದ್ದವು, ಇದೊಂದು ಬರಲಿಲ್ಲ. ಓಣಿಯ ತುದಿಯವರೆಗಿನ ಆ ಹಗುರ ನಡಿಗೆ ಅವನ ಮುಖದ ಮೇಲೆ ಇತ್ತೋ ಏನೋ. ಅವಳು ಓದಿಕೊಂಡಳು. ತುಂಬ ಹೊತ್ತು ಓದಿದಳು. ಅವಳ ಕಣ್ಣು ತುಂಬಿ ಬಂತು, ತುಳುಕಲಿಲ್ಲ. ‘ಬ್ಯಾಡ, ಹೇಳಬ್ಯಾಡ್ರಿ’ ಎಂದಳು. ‘ಕಾಲು ಹೋದ ಹೊಸದಾಗ ನನಗೂ ದಿನಾ ಹಂಗ ಅನಸತಿತ್ತು. ಈಗ ಅನಸೂದಿಲ್ಲ. ಈಗ ನನಗ ಬದಕಬೇಕ ಅನಸತದ. ಅದಕ್ಕ ಬ್ರೇಕ್ ಹಿಡೀಬೇಕ್ರಿ. ಇನ್ನೇನೂ ಕೇಳಿಲ್ಲ ನಾ. ನಡೀರಿ, ಗಾಳಿ ಹಾಕಸ್ಕೊಂಡ ಬರೂಣು. ನಾ ಕುಂತಿರತೀನಿ. ಇನ್ನ ಮ್ಯಾಲೆ ಬರೇ ಕುರ್ಚಿ ಒಯ್ಯೂದು ಬ್ಯಾಡ.’

ಹಗಲು ಹೊತ್ತಿನ ಓಣಿ. ಕ್ಲಾಸಿನಿಂದ ಬಿಟ್ಟ ಹುಡುಗಿಯರು, ಲೂನಾಗಳು, ಕಟ್ಟೆಯ ಮೇಲಿನ ಮುದುಕರು. ಪಶ್ಚಾತ್ತಾಪವಾದ ಮೇಲೆ ಮನುಷ್ಯ ಬದಲಾಗುತ್ತಾನೆ ಎಂದು ಯಾರು ಹೇಳಿದರೋ. ಮೊದಲು ಕುರ್ಚಿ, ಆಮೇಲೆ ಅವಳು, ಆಮೇಲೆ ತಾನು, ಒಂದೊಂದು ನೋಟವೂ ಮೊದಲಿನಂತೆಯೇ ಚುಚ್ಚುತ್ತಿತ್ತು. ನಾಚಿಕೆಯ ಜೊತೆಗೆ ನಾಚಿಕೆಪಟ್ಟದ್ದರ ನಾಚಿಕೆ ಬೇರೆ ಸೇರಿಕೊಂಡಿತ್ತು. ಕಾಶವ್ವ ನೆಟ್ಟಗೆ ಕೂತು ಅಂಗಡಿಗಳನ್ನು ನೋಡುತ್ತಿದ್ದಳು. ಬಳೆ ಅಂಗಡಿಯ ಮುಂದೆ, ‘ಇದು ಯಾವಾಗ ಆತ್ರಿ? ನಾ ನೋಡೇ ಇಲ್ಲ’ ಎಂದಳು. ಎಷ್ಟು ದಿನವಾಗಿತ್ತು ಅವಳು ಈ ಓಣಿ ನೋಡಿ? ಅವನಿಗೆ ನೆನಪಾಗಲಿಲ್ಲ.

ಬಾಳಕೃಷ್ಣನ ಅಂಗಡಿ ಗೋಡೆಯಲ್ಲಿ ಕೊರೆದ ಗೂಡಿನಷ್ಟಿತ್ತು. ಕೆಲಸವೆಲ್ಲ ಫುಟಪಾತಿನ ಮೇಲೆ. ಅವನು ಬೀಡಿ ಬದಿಗಿಟ್ಟು ಪಂಪು ಹಚ್ಚಿದ. ಗಾಳಿ ನಿಲ್ಲಲಿಲ್ಲ. ಗಾಳಿಯಿಲ್ಲದೆ ಓಡಾಡಿ ಟ್ಯೂಬು ಮಡಿಕೆಯಲ್ಲಿ ಹರಿದಿತ್ತು, ಎರಡೂ ಗಾಲಿ ಬಿಚ್ಚಬೇಕು. ಬಗ್ಗಿ ನೋಡಿ, ಮುಂದಿನ ಪುಟ್ಟ ಗಾಲಿಗಳೂ ಕಟ್ಟಿಕೊಂಡಿವೆ ಎಂದ. ‘ವಹಿನೀಂನಾ ಜರಾ ಉಚಲೂನ ಘ್ಯಾ’ ಎಂದ. ಅತ್ತಿಗೆಯನ್ನು ಸ್ವಲ್ಪ ಎತ್ತಿಕೊಳ್ಳಿ. ಕೂಡಿಸಲು ಅವನಲ್ಲಿ ಇದ್ದದ್ದು ಬೆನ್ನಿಲ್ಲದ ಒಂದು ಸ್ಟೂಲು. ಆಸರೆಯಿಲ್ಲದೆ ಕಾಶವ್ವನ ಬೆನ್ನು ನಿಲ್ಲುವುದಿಲ್ಲ. ಶಿವರುದ್ರಪ್ಪ ಸುತ್ತ ನೋಡಿದ. ಅವಳು ಎರಡೂ ತೋಳು ಮೇಲೆತ್ತಿದಳು, ದಿನಾ ಬೆಳಿಗ್ಗೆ ಮಂಚದಲ್ಲಿ ಎತ್ತುವಂತೆ.

ನಾಲ್ಕು ಗೋಡೆಯ ಒಳಗೆ ಎತ್ತುತ್ತಿದ್ದ ಹೆಂಡತಿಯನ್ನು ಸದಾಶಿವ ಪೇಠದ ನಟ್ಟ ನಡುವೆ ಎತ್ತಿದ. ಒಂದು ಕೈ ಬೆನ್ನಿನ ಕೆಳಗೆ, ಒಂದು ಮೊಣಕಾಲಿನ ಕೆಳಗೆ. ಅವಳ ತೋಳು ಕೊರಳನ್ನು ಸುತ್ತಿತು. ಕಾಲುಗಳು ತೂಗಾಡಿದವು, ಒಂದು ಚಪ್ಪಲಿ ಬಿತ್ತು, ಅದನ್ನು ಎತ್ತಿಕೊಡುವವರಿರಲಿಲ್ಲ. ಓಣಿ ನಿಂತಿತು. ಒಬ್ಬ ಸೈಕಲ್ಲಿನವನು ಕಾಲೂರಿ ನಿಂತ. ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕೆಳಗೆ ಬಾಳಕೃಷ್ಣ ಗಾಲಿಯ ಸಂದಿನಿಂದ ಏನನ್ನೋ ಕೊಕ್ಕೆಯಿಂದ ಎಳೆದು ಎಳೆದು ಫುಟಪಾತಿಗೆ ಹಾಕುತ್ತಿದ್ದ. ಕಾಶವ್ವನ ಕೂದಲು, ಉದ್ದುದ್ದ, ಎಣ್ಣೆ ಮಣ್ಣು ಮೆತ್ತಿಕೊಂಡದ್ದು, ಯಾವ ರವಿವಾರದಿಂದಲೋ ಸುತ್ತಿಕೊಂಡದ್ದು. ಅದನ್ನು ಎಲ್ಲರೂ ನೋಡುತ್ತಿದ್ದರು. ಶಿವರುದ್ರಪ್ಪನ ತೋಳು ಸೋಲುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡರೆ ಓಣಿ ಇಲ್ಲ, ಗೂಳಪ್ಪನಿಲ್ಲ, ಯಾರೂ ಇಲ್ಲ, ಬರಿ ಭಾರ.

ಕಿವಿಯ ಹತ್ತಿರ ಅವಳ ಉಸಿರು ತಾಗಿತು. ಮರಾಠಿಯವರ ನಡುವೆ, ಅವನೊಬ್ಬನಿಗೇ ತಿಳಿಯುವ ಮಾತಿನಲ್ಲಿ, ಮೆಲ್ಲಗೆ ಹೇಳಿದಳು:

‘ಕಣ್ಣ ತೆರೀರಿ. ಹೆಣಾ ಹೊತ್ತವರಂಗ ನಿಂತೀರಿ.’

ಅವನು ಕಣ್ಣು ತೆರೆದ. ಎಲ್ಲರೂ ನೋಡುತ್ತಲೇ ಇದ್ದರು. ಅವಳೂ ತಲೆ ಎತ್ತಿ, ಒಬ್ಬೊಬ್ಬರನ್ನಾಗಿ, ಅವರನ್ನು ನೋಡುತ್ತಿದ್ದಳು. ಅವನ ಮುಖ ಕಿವಿಯ ತನಕ ಸುಡುತ್ತಿತ್ತು. ಬಾಳಕೃಷ್ಣ ಎರಡನೆಯ ಗಾಲಿಯ ನಟ್ಟಿಗೆ ಪಾನಾ ಹಚ್ಚಿದ. ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.